ಉಳದೆ ಬೆಳೆಯುವ ಮೇವಿನ ತಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಸೌರಿ ರಾಜ್ಯದ ಓಜಾರ್ಕ್ ಗುಡ್ಡಗಳಲ್ಲಿರುವ ನಮ್ಮ ಸಣ್ಣ ಜಮೀನಿನಲ್ಲಿ ನೇಗಿಲು ಮುಟ್ಟಿಸದೆ ಕಾಡುಪ್ರಾಣಿಗಳಿಗಾಗಿ ಮೇವು ಬೆಳೆಯುತ್ತಿದ್ದೇವೆಂದು ತಿಳಿದ ಕನ್ನಡಿಗರು, ಇಲ್ಲಿ ನೆಲೆಸಿದವರೂ ಊರಿನಲ್ಲಿರುವವರೂ, ಮಾತಿಗೆ ಸಿಕ್ಕಾಗ ಮತ್ತು ಪತ್ರ ಬರೆದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಇಲ್ಲಿ ಹೇಳಿರುವ ತಿಂಗಳುಗಳು ಮಿಸೌರಿಯ ಹವಾಮಾನಕ್ಕೆ ಹೊಂದುವಂಥವು. ಉತ್ತರದ ರಾಜ್ಯಗಳಲ್ಲಿರುವವರು ಶರತ್ಕಾಲದ ಬಿತ್ತನೆಯನ್ನು ಎರಡು ಮೂರು ವಾರ ಮುಂಚಿತವಾಗಿಯೂ, ದಕ್ಷಿಣದವರು ಅಷ್ಟೇ ತಡವಾಗಿಯೂ ಮಾಡಬೇಕಾಗುತ್ತದೆ.

## ಮೊದಲ ಸಂದೇಹಗಳು

ಮೇವಿನ ತಾಕು ಎಂದರೇನು? ಕಾಡಿನಲ್ಲಿರುವ ಪ್ರಾಣಿಗೆ ನಾವು ಬೆಳೆದು ಹಾಕುವ ಅಗತ್ಯವಾದರೂ ಏನು?

ಕೊಯ್ಲು ಮಾಡುವ ಉದ್ದೇಶವಿಲ್ಲದೆ, ಪ್ರಾಣಿಗಳು ನಿಂತಲ್ಲೇ ಮೇಯಲೆಂದು ಬೆಳೆಯುವ ಸಣ್ಣ ಹೊಲವನ್ನು ಇಲ್ಲಿನವರು ಫುಡ್ ಪ್ಲಾಟ್ ಎನ್ನುತ್ತಾರೆ. ನಾನು ಮೇವಿನ ತಾಕು ಎಂದು ಕರೆಯುತ್ತೇನೆ. ಸಾಮಾನ್ಯವಾಗಿ ಅದು ಹತ್ತು ಗುಂಟೆಯಿಂದ ಎರಡು ಮೂರು ಎಕರೆಯಷ್ಟಿರುತ್ತದೆ. ಬಿಳಿಬಾಲದ ಜಿಂಕೆ ಮತ್ತು ಕಾಡು ಟರ್ಕಿ ಕೋಳಿ ಇದರ ಮುಖ್ಯ ಅತಿಥಿಗಳು. ಮೊಲ, ಹಾಡುಹಕ್ಕಿ, ಜೇನುನೊಣಗಳೂ ಬರುತ್ತವೆ.

ಅಗತ್ಯದ ವಿಷಯದಲ್ಲಿ ನೇರವಾಗಿ ಹೇಳಬೇಕೆಂದರೆ, ಆರೋಗ್ಯವಾಗಿರುವ ಕಾಡಿಗೆ ಇದರ ಅಗತ್ಯವಿಲ್ಲ. ಜಿಂಕೆಯ ಆಹಾರದ ಬಹುಪಾಲು ಚಿಗುರು, ಬಳ್ಳಿ, ಅಗಲ ಎಲೆಯ ಕಾಡುಗಿಡಗಳು ಮತ್ತು ಓಕ್ ಮರದ ಕಾಯಿಗಳಿಂದಲೇ ಬರುತ್ತದೆ, ಬರಬೇಕು ಕೂಡ. ತಾಕು ಪೂರಕವಾಗಿ ಕೆಲಸಕ್ಕೆ ಬರುವುದು ವರ್ಷದ ಎರಡು ಬಿಕ್ಕಟ್ಟಿನ ಕಾಲಗಳಲ್ಲಿ: ಕಾಡುಗಿಡಗಳ ಎಲೆ ಬಲಿತು ಒರಟಾಗುವ ಬೇಸಿಗೆಯ ಕೊನೆಯಲ್ಲಿ, ಮತ್ತು ಕಾಯಿಗಳೆಲ್ಲ ಮುಗಿದು ಹಸಿರೇ ಕಾಣದ ಜನವರಿಯಿಂದ ಮಾರ್ಚ್‌ವರೆಗೆ. ಸುತ್ತಲಿನ ಜಮೀನೆಲ್ಲ ಫೆಸ್ಕ್ಯೂ ಎಂಬ ಹೊರಗಿನಿಂದ ಬಂದ ಹುಲ್ಲಿನಿಂದ ಮುಚ್ಚಿಹೋಗಿರುವ ನಮ್ಮಂಥ ಕಡೆಗಳಲ್ಲಿ ಆ ಪೂರಕಕ್ಕೆ ಬೆಲೆಯಿದೆ.

ಇದೆಲ್ಲ ಕೊನೆಗೆ ಬೇಟೆಗಾಗಿಯೇ ಅಲ್ಲವೇ?

ಅಮೆರಿಕದಲ್ಲಿ ಮೇವಿನ ತಾಕು ಮಾಡುವವರಲ್ಲಿ ಹೆಚ್ಚಿನವರು ಬೇಟೆಗಾರರು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಲ್ಲಿನ ಇತಿಹಾಸವನ್ನೂ ಜೊತೆಯಲ್ಲೇ ನೋಡಬೇಕು. ಅಂಕೆಯಿಲ್ಲದ ಬೇಟೆಯಿಂದಾಗಿ 1925ರ ಹೊತ್ತಿಗೆ ಇಡೀ ಮಿಸೌರಿಯಲ್ಲಿ ಉಳಿದಿದ್ದ ಜಿಂಕೆಗಳು 400ಕ್ಕಿಂತ ಕಡಿಮೆ ಎಂದು ಅಂದಾಜಿಸಲಾಗಿತ್ತು. ಸಂರಕ್ಷಣಾ ಇಲಾಖೆ ರೂಪುಗೊಂಡು, ಬೇಟೆ ನಿಂತು, ಜಿಂಕೆಗಳನ್ನು ಮತ್ತೆ ನೆಲೆಗೊಳಿಸಿದ ಮೇಲೆ 1944ರಲ್ಲಿ ನಿಯಂತ್ರಿತ ಬೇಟೆಯ ಋತು ಮರಳಿತು; ಈಗ ಜಿಂಕೆಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ. ತೋಳ ಮತ್ತು ಕೂಗರ್‌ಗಳು ನೆಲೆಯಾಗಿ ಉಳಿಯದ ಈ ಸೀಮೆಯಲ್ಲಿ ಆ ಸಂಖ್ಯೆ ಮಿತಿ ಮೀರಿದರೆ ಕಾಡಿನ ಮರಿಗಿಡಗಳೇ ಮೇಲೇಳುವುದಿಲ್ಲ. ನಾನು ಬೇಟೆಯಾಡುವುದಿಲ್ಲ, ಆದರೆ ಪರವಾನಗಿ ಪಡೆದ ನೆರೆಯವರನ್ನು ತಡೆಯುವುದೂ ಇಲ್ಲ. ಮೇವು ಹಾಕಿ ಸಂಖ್ಯೆ ಬೆಳೆಸುವವನು ಆ ಸಂಖ್ಯೆಯ ಹೊಣೆಯನ್ನೂ ಹೊರಬೇಕು ಎಂದು ನಂಬಿದ್ದೇನೆ.

ಉಳದಿದ್ದರೆ ಬೀಜ ಹೇಗೆ ಹುಟ್ಟುತ್ತದೆ? ನಮ್ಮಪ್ಪ ಮೂರು ಸಾರಿ ಉತ್ತು, ಕುಂಟೆ ಹೊಡೆದ ಮೇಲೆಯೇ ಬಿತ್ತುತ್ತಿದ್ದರು.

ನಮ್ಮ ಮನೆಯಲ್ಲೂ ಹಾಗೆಯೇ. ಆದರೆ ಬೀಜ ಕೇಳುವುದು ಮೂರನ್ನು ಮಾತ್ರ: ಮಣ್ಣಿನ ಸ್ಪರ್ಶ, ಆರದೆ ಉಳಿಯುವ ತೇವ, ಮತ್ತು ಮೊದಲ ಕೆಲವು ವಾರ ಕಳೆಯ ಪೈಪೋಟಿ ಇಲ್ಲದಿರುವುದು. ಉಳುಮೆ ಈ ಮೂರನ್ನೂ ಒಂದೇ ಏಟಿಗೆ ಕೊಡುತ್ತದೆ. ಅದಕ್ಕೇ ಅದು ಅಷ್ಟು ಕಾಲ ಉಳಿದುಬಂದದ್ದು. ಉಳದೆ ಬಿತ್ತುವಾಗ ಇವನ್ನೇ ಬೇರೆ ದಾರಿಯಿಂದ ಹೊಂದಿಸುತ್ತೇವೆ. ಸ್ಪರ್ಶವನ್ನು ಮಳೆಯ ಹನಿ ಕೊಡುತ್ತದೆ, ತೇವವನ್ನು ಕತ್ತರಿಸಿ ಕೆಡವಿದ ಹುಲ್ಲಿನ ಹೊದಿಕೆ ಹಿಡಿದಿಡುತ್ತದೆ, ಕಳೆಗೆ ಬೆಳಕು ಸಿಗದಂತೆ ಅದೇ ಹೊದಿಕೆ ತಡೆಯುತ್ತದೆ. ಹೀಗೆ ಬಿತ್ತುವವನ ಜಾಣ್ಮೆಯೆಲ್ಲ ಹದ ನೋಡುವುದರಲ್ಲಿದೆ. ಉತ್ತ ಹೊಲದಲ್ಲಿ ಬಿತ್ತನೆ ನಾಲ್ಕು ದಿನ ಆಚೀಚೆಯಾದರೂ ನಡೆದೀತು. ಇಲ್ಲಿ ಮಳೆ ತಪ್ಪಿದರೆ ಬೀಜವನ್ನು ಹಕ್ಕಿಗಳು ಹೆಕ್ಕುತ್ತವೆ.

ಇದು ಹೊಸ ಪ್ರಯೋಗವೂ ಅಲ್ಲ. ಕೆಂಟಕಿ ರಾಜ್ಯದ ಹರ್ನ್ಡನ್ ಎಂಬ ಊರಿನಲ್ಲಿ ಹ್ಯಾರಿ ಯಂಗ್ ಎಂಬ ರೈತರು 1962ರಲ್ಲಿ ಮುಕ್ಕಾಲು ಎಕರೆಗೂ ಕಡಿಮೆ ಜಾಗದಲ್ಲಿ ಉಳದೆ ಮೆಕ್ಕೆಜೋಳ ಬೆಳೆದು ತೋರಿಸಿದರು. ಮೆಕ್ಕೆಜೋಳ, ಸೋಯಾ ಬೆಳೆಯುವವರು ಅಲ್ಲಿಂದೀಚೆಗೆ ನಡೆದ ದಾರಿಯನ್ನೇ ಮೇವಿನ ತಾಕಿನವರು ಈಗ ಹಿಡಿದಿದ್ದಾರೆ.

ಉಳುವುದರಿಂದ ಅಂಥ ನಷ್ಟ ಏನಾಗುತ್ತದೆ? ವರ್ಷಕ್ಕೆ ಒಮ್ಮೆ ತಾನೆ?

ನನ್ನ ಮೊದಲ ವರ್ಷದ ಕಥೆಯೇ ಇದಕ್ಕೆ ಉತ್ತರ. ಬಾಡಿಗೆ ಟ್ರ್ಯಾಕ್ಟರ್ ತರಿಸಿ ಇಳಿಜಾರಿನ ಅರ್ಧ ಎಕರೆಯನ್ನು ಡಿಸ್ಕ್ ಹೊಡೆಸಿ, ಪುಡಿಯಾದ ಕೆಂಪು ಮಣ್ಣನ್ನು ನೋಡಿ ಊರು ನೆನೆದು ಹಿಗ್ಗಿದ್ದೆ. ಮೇ ಕೊನೆಯ ಒಂದು ಗುಡುಗುಮಳೆ ಸಾಕಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಬೀಜವೂ ಮೇಲ್ಮಣ್ಣೂ ಕೆಳಗಿನ ಬೇಲಿಯ ಬುಡದಲ್ಲಿ ದಿಣ್ಣೆಯಾಗಿ ಬಿದ್ದಿದ್ದವು. ಮೇಲೆ ಉಳಿದದ್ದು ಚೂಪಾದ ಚರ್ಟ್ ಕಲ್ಲು. ಓಜಾರ್ಕ್‌ನ ಮೇಲ್ಮಣ್ಣು ಮೊದಲೇ ತೆಳುವು. ಒಮ್ಮೆ ಹೋದದ್ದು ನಮ್ಮ ಆಯುಸ್ಸಿನಲ್ಲಿ ಮರಳುವುದಿಲ್ಲ.

ಕಣ್ಣಿಗೆ ಕಾಣದ ನಷ್ಟಗಳೂ ಇವೆ. ವರ್ಷಗಳಿಂದ ಆಳದಲ್ಲಿ ಮಲಗಿದ್ದ ಕಳೆಬೀಜಗಳನ್ನು ಉಳುಮೆ ಬೆಳಕಿಗೆ ತಂದು ಎಬ್ಬಿಸುತ್ತದೆ. ಗಾಳಿ ತಗುಲಿದ ಸಾವಯವ ಅಂಶ ಬೇಗ ಕರಗುತ್ತದೆ. ಎರೆಹುಳುವಿನ ಬಿಲಗಳು, ಹಳೆಯ ಬೇರು ಕೊಳೆತು ಉಳಿದ ಸುರಂಗಗಳು, ಶಿಲೀಂಧ್ರದ ಎಳೆಗಳು ಮುರಿಯುವುದರಿಂದ ನೀರು ಇಂಗುವ ಬದಲು ಹರಿದುಹೋಗುತ್ತದೆ.

ಟ್ರ್ಯಾಕ್ಟರ್ ಇಲ್ಲ. ಏನೇನು ಸಲಕರಣೆ ಬೇಕು?

ಕೊರಳಿಗೆ ನೇತುಹಾಕಿ ಹಿಡಿಕೆ ತಿರುಗಿಸುವ ಬೀಜದ ಚೀಲ, ಎತ್ತರದ ಹುಲ್ಲು ಕತ್ತರಿಸಬಲ್ಲ ಯಾವುದಾದರೂ ಯಂತ್ರ, ಒಂದು ಕುಡುಗೋಲು. ಅರ್ಧ ಎಕರೆಯವರೆಗೆ ಇಷ್ಟರಲ್ಲೇ ನಡೆಯುತ್ತದೆ. ಎರಡು ಎಕರೆ ದಾಟಿದರೆ ಉಳದೆ ಬಿತ್ತುವ ಕೂರಿಗೆಯನ್ನು ಬಾಡಿಗೆಗೆ ತರುವುದು ಲೇಸು. ಮಿಸೌರಿಯ 114 ಕೌಂಟಿಗಳಲ್ಲೂ ಮಣ್ಣು ಮತ್ತು ನೀರು ಸಂರಕ್ಷಣಾ ಜಿಲ್ಲೆಗಳಿವೆ. ಅವುಗಳಲ್ಲಿ ಅನೇಕವು ಎಕರೆಗೆ ಇಷ್ಟೆಂದು ಕೂರಿಗೆಯನ್ನು ಬಾಡಿಗೆಗೆ ಕೊಡುತ್ತವೆ. ಹೊದಿಕೆಯನ್ನು ಸೀಳಿ, ಬೀಜವನ್ನು ಬೇಕಾದ ಆಳಕ್ಕೆ ಇಳಿಸಿ, ಹಿಂದಿನ ಚಕ್ರದಿಂದ ಒತ್ತಿಬಿಡುವ ಅದರ ಕೆಲಸವನ್ನು ನೋಡುವುದೇ ಒಂದು ಸಂತೋಷ. ಚೆಲ್ಲಿ ಬಿತ್ತುವುದಕ್ಕೆ ಹೋಲಿಸಿದರೆ ಬೀಜವೂ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ.

## ಬಿತ್ತನೆಯ ಸುತ್ತ

ಜಾಗ ಆರಿಸುವಾಗ ಮೊದಲು ಏನು ನೋಡಬೇಕು?

ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೀಳಬೇಕು, ಕಾಡಿನ ಅಂಚು ಹತ್ತಿರವಿರಬೇಕು, ರಸ್ತೆಯಿಂದ ಕಾಣಬಾರದು. ಸ್ಥಳೀಯ ಹುಲ್ಲು ಮತ್ತು ಹೂಗಿಡಗಳು ಉಳಿದುಕೊಂಡಿರುವ ಜಾಗವನ್ನು ಮಾತ್ರ ಎಂದಿಗೂ ತಾಕಾಗಿ ಮಾಡಬೇಡಿ. ನಾವು ಬೆಳೆಯುವ ಯಾವ ಮೇವೂ ಅದಕ್ಕೆ ಸಮನಲ್ಲ. ಯಾವ ಹುಲ್ಲು ಸ್ಥಳೀಯ ಎಂದು ಗುರುತಿಸಲು ಬಾರದಿದ್ದರೆ ರಾಜ್ಯದ ಸಂರಕ್ಷಣಾ ಇಲಾಖೆಯ ತಜ್ಞರು ಖಾಸಗಿ ಜಮೀನಿಗೂ ಬಂದು ಶುಲ್ಕವಿಲ್ಲದೆ ಸಲಹೆ ಕೊಡುತ್ತಾರೆ.

ಮೊದಲ ವರ್ಷ ಏನು ಬಿತ್ತಲಿ? ಎಕರೆಗೆ ಎಷ್ಟು?

ಸೆಪ್ಟೆಂಬರ್ ಮೊದಲ ಮೂರು ವಾರಗಳೊಳಗೆ ಎಕರೆಗೆ 35 ಕೆಜಿ ರೈ ಎಂಬ ಗೋಧಿಯ ಬಳಗದ ಧಾನ್ಯ, 7 ಕೆಜಿ ಕ್ರಿಮ್ಸನ್ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡದ ಬೀಜ. ಇಷ್ಟೇ ಸಾಕು. ರೈ ಧಾನ್ಯ ಎಂಥ ಬಡ ಮಣ್ಣಿನಲ್ಲೂ ಹುಟ್ಟುತ್ತದೆ, ನೀರು ಹೆಪ್ಪುಗಟ್ಟುವುದಕ್ಕೆ ಒಂದೆರಡು ಡಿಗ್ರಿ ಮೇಲಿರುವ ಚಳಿಯಲ್ಲೂ ಮೊಳೆಯುತ್ತದೆ, ಚಳಿಗಾಲವಿಡೀ ಹಸಿರಾಗಿದ್ದು ವಸಂತದಲ್ಲಿ ಆಳೆತ್ತರ ಬೆಳೆದು ಮುಂದಿನ ಬಿತ್ತನೆಗೆ ಹೊದಿಕೆಯನ್ನೂ ತಾನೇ ಒದಗಿಸುತ್ತದೆ. ಕ್ಲೋವರ್ ಅದರ ನೆರಳಿನಲ್ಲಿ ಮೆಲ್ಲಗೆ ಬೆಳೆದು ಏಪ್ರಿಲ್‌ನಲ್ಲಿ ಕಡುಗೆಂಪು ಹೂ ಬಿಟ್ಟು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ನಮ್ಮಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕುವ ತಿಳಿವಳಿಕೆಯೇ ಇದು.

ಎರಡನೆಯ ವರ್ಷದಿಂದ ಟರ್ನಿಪ್, ಮೂಲಂಗಿ, ರೇಪ್‌ನಂಥ ಸಾಸಿವೆ ಕುಲದವನ್ನು ಎಕರೆಗೆ ಎರಡು ಕೆಜಿಯಂತೆ ಜುಲೈ ಕೊನೆಯಿಂದ ಆಗಸ್ಟ್ ನಡುವೆ ಬಿತ್ತಬಹುದು. ಒಂದೇ ಜಾಗದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅವನ್ನು ಹಾಕಿದರೆ ರೋಗ ಕೂಡಿಕೊಳ್ಳುತ್ತದೆ.

ಇನ್ನೊಂದು ಎಚ್ಚರಿಕೆ. ರೈ ಬೇರೆ, ರೈಗ್ರಾಸ್ ಬೇರೆ. ರೈ ಒಂದು ಧಾನ್ಯ. ರೈಗ್ರಾಸ್ ಬೀಜ ಉದುರಿಸಿ ತಾನೇ ಕಳೆಯಾಗುವ ಹುಲ್ಲು. ಹೆಸರಿನ ಸಾಮ್ಯದಿಂದ ನಾನು ಒಮ್ಮೆ ತಪ್ಪು ಚೀಲ ಹೊತ್ತು ತಂದೆ, ಅದನ್ನು ತೊಲಗಿಸಲು ಮೂರು ವರ್ಷ ಹಿಡಿಯಿತು. ಚೀಲಕ್ಕೆ ಹೊಲಿದ ಚೀಟಿಯಲ್ಲಿ ತಳಿಯ ಹೆಸರು, ಮೊಳಕೆಯ ಪ್ರಮಾಣ, ಕಳೆಬೀಜದ ಪ್ರಮಾಣ ಮೂರನ್ನೂ ಓದಿಯೇ ಹಣ ಕೊಡಿ.

ಬಿತ್ತುವ ದಿನದ ಕ್ರಮ ಹೇಗೆ? ಮೊದಲು ಹುಲ್ಲು ಕತ್ತರಿಸಬೇಕೋ, ಮೊದಲು ಬೀಜ ಚೆಲ್ಲಬೇಕೋ?

ಮೊದಲು ಬೀಜ, ಆಮೇಲೆ ಕತ್ತರಿ. ನಿಂತ ಬೆಳೆಯೊಳಗೆ ಚೆಲ್ಲಿದ ಬೀಜ ಕಡ್ಡಿಗಳ ನಡುವೆ ಜಾರಿ ನೆಲ ಮುಟ್ಟುತ್ತದೆ. ಅದರ ಮೇಲೆ ಹುಲ್ಲನ್ನು ಕೆಡವಿದರೆ ಹೊದಿಕೆಯಾಗುತ್ತದೆ. ಮೊದಲೇ ಕತ್ತರಿಸಿ ಹಾಸಿದ ಮೇಲೆ ಚೆಲ್ಲಿದರೆ ಬೀಜ ಹಾಸಿನ ಮೇಲೆಯೇ ನೇತಾಡಿ ಒಣಗುತ್ತದೆ. ಇಷ್ಟು ಸರಳವಾದ ಕ್ರಮವನ್ನು ತಲೆಕೆಳಗು ಮಾಡಿ ಬೀಜ ಕಳೆದುಕೊಂಡವರನ್ನು ಬಹಳ ಕಂಡಿದ್ದೇನೆ.

ದಿನವನ್ನು ನಾವು ಆರಿಸುವುದಿಲ್ಲ, ಮಳೆ ಆರಿಸುತ್ತದೆ. ಮುಂದಿನ ಎರಡು ದಿನದಲ್ಲಿ ಅರ್ಧ ಅಂಗುಲಕ್ಕಿಂತ ಹೆಚ್ಚು ಮಳೆಯ ಮುನ್ಸೂಚನೆ ಇದ್ದರೆ ಚೀಲ ಬಿಚ್ಚುತ್ತೇನೆ, ಇಲ್ಲವಾದರೆ ಕಾಯುತ್ತೇನೆ. ತಾಕಿನಲ್ಲಿ ಆಗ ಮೊಣಕಾಲಿನಿಂದ ಸೊಂಟದವರೆಗೆ ಬೆಳೆದ ರೈ ಕಡ್ಡಿಯೋ, ಬಕ್‌ವೀಟ್ ಎಂಬ ಬೇಸಿಗೆಯ ಕಾಳಿನ ಗಿಡವೋ ಇರಬೇಕು. ದಪ್ಪ ಬೀಜವನ್ನು ಮೊದಲು ಒಂದು ದಿಕ್ಕಿಗೆ ಚೆಲ್ಲಿ, ಕ್ಲೋವರ್‌ನಂಥ ಸಣ್ಣ ಬೀಜವನ್ನು ಎರಡರಷ್ಟು ಮರಳಿನಲ್ಲಿ ಬೆರೆಸಿ ಅಡ್ಡಡ್ಡಲಾಗಿ ನಡೆದು ಚೆಲ್ಲುತ್ತೇನೆ. ಎಳ್ಳು ಚೆಲ್ಲುವಾಗ ಮರಳು ಬೆರೆಸುತ್ತಿದ್ದ ಅಜ್ಜಿಯ ಕೈ ಆಗ ನೆನಪಾಗದೆ ಇರುವುದಿಲ್ಲ. ಕ್ಲೋವರ್ ಬೀಜಕ್ಕೆ ಅದರದೇ ರೈಜೋಬಿಯಂ ಪುಡಿ, ಅಂದರೆ ಬೇರಿನಲ್ಲಿ ಸಾರಜನಕ ಹಿಡಿದಿಡುವ ಸೂಕ್ಷ್ಮಜೀವಿಯ ಪುಡಿ, ಹಚ್ಚಿರಬೇಕು. ಅವರೆ, ಅಲಸಂದೆಗೆ ಹಚ್ಚುವ ಪುಡಿ ಕ್ಲೋವರ್‌ಗೆ ಆಗುವುದಿಲ್ಲ.

ಆಮೇಲೆ ಹುಲ್ಲನ್ನು ಕತ್ತರಿಸಿ ಸಮನಾಗಿ ಬೀಳುವಂತೆ ನೋಡಿಕೊಳ್ಳಬೇಕು. ಯಂತ್ರ ಒಂದೆಡೆ ರಾಶಿ ಹಾಕಿದರೆ ಕೈಯಿಂದ ಹರಡಬೇಕು. ಅಳತೆ ತಿಳಿಯಲು ಬಾಗಿ ನೋಡಿ: ಹೊದಿಕೆಯ ಸಂದುಗಳಲ್ಲಿ ಅಲ್ಲಲ್ಲಿ ಮಣ್ಣು ಇಣುಕುತ್ತಿದ್ದರೆ ಸರಿ. ಎಲ್ಲಿಯೂ ಮಣ್ಣೇ ಕಾಣದಿದ್ದರೆ ಸ್ವಲ್ಪ ಹೊದಿಕೆ ತೆಗೆಯಬೇಕು, ಎಲ್ಲೆಲ್ಲೂ ಕಂಡರೆ ಬೇರೆಡೆಯಿಂದ ತಂದು ಹಾಸಬೇಕು.

ಹತ್ತನೆಯ ದಿನ ಹೋಗಿ ಹೊದಿಕೆಯ ಒಂದು ಹಿಡಿಯನ್ನು ಮೆಲ್ಲಗೆ ಎತ್ತಿದರೆ ಕೆಳಗಿನ ಮಣ್ಣು ಕಪ್ಪಗೆ, ತಣ್ಣಗೆ ಇರುತ್ತದೆ. ರೈ ಮೊಳಕೆ ನಸುಗೆಂಪು ಸೂಜಿಯಂತೆ ಎದ್ದು ನಿಂತಿರುತ್ತದೆ. ಅದರ ಬುಡದಲ್ಲಿ ಕ್ಲೋವರ್‌ನ ಜೋಡಿ ಎಲೆಗಳು ಸಾಸಿವೆ ಕಾಳಿನಷ್ಟಗಲ ಬಿಚ್ಚಿಕೊಂಡು, ಬಿಳಿಯ ಬೇರು ಎರೆಹುಳು ಹೊರಹಾಕಿದ ಮಣ್ಣಿನ ಉಂಡೆಯೊಳಗೆ ಇಳಿದಿರುತ್ತದೆ. ನೋಡಿಯಾದ ಮೇಲೆ ಹಿಡಿಯನ್ನು ಹಾಗೆಯೇ ಮುಚ್ಚಿಬಿಡಿ.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಬೀಜ ಚೆಲ್ಲುತ್ತಾರಂತೆ, ಅದು ವ್ಯರ್ಥವಲ್ಲವೇ?

ಅಲ್ಲ, ಎಲ್ಲ ವಿಧಾನಗಳಲ್ಲಿ ಕಡಿಮೆ ಶ್ರಮದ್ದು ಇದೇ. ಫೆಬ್ರವರಿಯಿಂದ ಮಾರ್ಚ್ ಮೊದಲ ವಾರದವರೆಗೆ ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತಿರುತ್ತದೆ. ಆಗ ಮಣ್ಣಿನ ಮೈ ಜೇನುಹುಟ್ಟಿನಂತೆ ಬಾಯಿ ತೆರೆದು ಮುಚ್ಚುವುದರಿಂದ ಬೀಜ ತಾನಾಗಿ ಒಳಗಿಳಿಯುತ್ತದೆ. ಬಿಳಿ ಕ್ಲೋವರ್ ಎಕರೆಗೆ ಎರಡು ಕೆಜಿ, ಕೆಂಪು ಕ್ಲೋವರ್ ನಾಲ್ಕು ಕೆಜಿ. ದಪ್ಪ ಬೀಜಗಳಿಗೆ ಇದು ನಡೆಯದು, ಹಿಮದ ದಪ್ಪ ಹಾಸಿನ ಮೇಲೆ ಇಳಿಜಾರಿನಲ್ಲಿ ಚೆಲ್ಲಬಾರದು.

ಕಳೆನಾಶಕ ಇಲ್ಲದೆ ಆಗುವುದಿಲ್ಲವೇ? ಉಳುಮೆ ಬಿಟ್ಟವರೆಲ್ಲ ಗ್ಲೈಫೋಸೇಟ್ ಹಿಡಿದವರೇ ಎನ್ನುತ್ತಾರೆ.

ಆ ಮಾತಿನಲ್ಲಿ ಸತ್ಯವಿದೆ. ಹೆಚ್ಚಿನವರ ಉಳುಮೆರಹಿತ ಬೇಸಾಯ ಗ್ಲೈಫೋಸೇಟ್ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವಾದವುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೌಲ್ಯಮಾಪನ ಅದನ್ನು ಒಪ್ಪಲಿಲ್ಲ. ಬಳಸುವವರು ಡಬ್ಬಿಯ ಮೇಲಿನ ಸೂಚನೆಯನ್ನು ಅಕ್ಷರಶಃ ಪಾಲಿಸಬೇಕು. ಇಲ್ಲಿ ಅದು ಕಾನೂನು.

ನಾನು ಅದನ್ನು ಬಳಸಿದ್ದು ಒಮ್ಮೆ ಮಾತ್ರ, ಫೆಸ್ಕ್ಯೂ ತೆಗೆಯಲು. ಆ ಹುಲ್ಲಿನೊಳಗೆ ಬದುಕುವ ಶಿಲೀಂಧ್ರ ಮೇಯುವ ದನಗಳಿಗೆ ವಿಷವಾಗುತ್ತದೆ, ಅದರ ದಟ್ಟ ಹಾಸಿನಲ್ಲಿ ಮರಿಹಕ್ಕಿ ನಡೆಯಲಾರದು, ಬೇರೆ ಬೀಜ ಏಳಲಾರದು. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ, ಸ್ಥಳೀಯ ಹುಲ್ಲುಗಳು ಮಲಗಿದ ಮೇಲೂ ಫೆಸ್ಕ್ಯೂ ಮಾತ್ರ ಹಸಿರಾಗಿರುವ ಹೊತ್ತಿನಲ್ಲಿ ಸಿಂಪಡಿಸಿದರೆ ಉಳಿದವಕ್ಕೆ ಪೆಟ್ಟು ಕಡಿಮೆ. ಸತ್ತ ಫೆಸ್ಕ್ಯೂ ಮೇಲೆ ಫೆಬ್ರವರಿಯಲ್ಲಿ ಕ್ಲೋವರ್ ಚೆಲ್ಲಿದೆ.

ಅದರ ನಂತರ ಕಳೆ ಹಿಡಿತಕ್ಕೆ ಬಂದದ್ದು ರೈಯಿಂದ. ಹೂ ಬಿಟ್ಟ ರೈಯನ್ನು ಉರುಳೆಯಿಂದ ಒತ್ತಿ ಕಾಂಡ ಜಜ್ಜಿದರೆ ಅದು ಮತ್ತೆ ಏಳದೆ ಸತ್ತು ಹಾಸಾಗುತ್ತದೆ. ಹೂವಿಗೆ ಮೊದಲೇ ಒತ್ತಿದರೆ ನಾಲ್ಕೇ ದಿನಕ್ಕೆ ತಲೆಯೆತ್ತುತ್ತದೆ. ರಾಸಾಯನಿಕವಿಲ್ಲದೆ ಮೊದಲ ದಿನದಿಂದಲೇ ಮಾಡುವೆನೆನ್ನುವವರು ಬೇಸಿಗೆಯಲ್ಲಿ ಕಪ್ಪು ಟಾರ್ಪಾಲು ಹಾಸಿ ಹತ್ತು ಗುಂಟೆಯಿಂದ ಪ್ರಾರಂಭಿಸಬಹುದು. ನಿಧಾನ, ಆದರೆ ಆಗುತ್ತದೆ.

ನಮ್ಮ ಅವರೆಯನ್ನು ಇಲ್ಲಿನ ಜಿಂಕೆಗಳಿಗೆ ಬೆಳೆಯುತ್ತಾರೆ ಎಂದು ಕೇಳಿದೆ, ನಿಜವೇ?

ನಿಜ. ಇಲ್ಲಿ ಅದರ ಹೆಸರು ಲ್ಯಾಬ್‌ಲ್ಯಾಬ್. ಟೆಕ್ಸಾಸ್‌ನಿಂದ ಜಾರ್ಜಿಯಾವರೆಗೆ ಬೇಸಿಗೆ ಮೇವಿಗೆ ಇದಕ್ಕೆ ದೊಡ್ಡ ಹೆಸರು. ಟೆಕ್ಸಾಸ್‌ನ ಓವರ್ಟನ್ ಸಂಶೋಧನಾ ಕೇಂದ್ರದಿಂದ 2006ರಲ್ಲಿ ರಿಯೋ ವರ್ಡೆ ಎಂಬ ತಳಿಯೂ ಬಿಡುಗಡೆಯಾಗಿದೆ. ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವ ಅವರೆಯ ಗುಣ ಊರಿನವರಿಗೆ ಗೊತ್ತು. ಡಿಸೆಂಬರ್‌ನಲ್ಲಿ ಸೊಗಡು ಸುರಿಸುವ ಆ ಗುಣವೇ ಇಲ್ಲಿ ಬೇಸಿಗೆಯುದ್ದಕ್ಕೂ ಎಲೆ ಕೊಡುತ್ತದೆ, ಮೊದಲ ಹಿಮಕ್ಕೆ ಬಳ್ಳಿ ಕರಗುತ್ತದೆ.

ಆದರೆ ಅವರೆ ಚೆಲ್ಲಿ ಬಿತ್ತುವ ಬೆಳೆಯಲ್ಲ. ದಪ್ಪ ಕಾಳು ಒಂದು ಅಂಗುಲ ಮಣ್ಣೊಳಗೆ ಇಳಿಯದಿದ್ದರೆ ತೇವ ಸಾಲದು. ಮೇ ನಡುವಿನಲ್ಲಿ ಮಣ್ಣು ಬೆಚ್ಚಗಾದ ಮೇಲೆ ಕೋಲಿನಿಂದ ತೂತು ಮಾಡಿ ಕಾಳು ಹಾಕುತ್ತಾ ಹೋದೆ. ಎಳೆ ಬಳ್ಳಿಯ ಕುಡಿ ಕಿತ್ತರೆ ಅದು ಮತ್ತೆ ಚಿಗುರುವುದು ಕಷ್ಟ, ಹಾಗಾಗಿ ಹತ್ತು ಗುಂಟೆಯ ಅವರೆಗೆ ವಿದ್ಯುತ್ ತಂತಿಯ ಬೇಲಿ ಕಟ್ಟಿ ಆರು ವಾರ ಕಾದು, ಬಳ್ಳಿ ಮೊಣಕಾಲೆತ್ತರ ಬಂದ ಮೇಲೆ ತಂತಿ ತೆಗೆದೆ. ಐದು ರಾತ್ರಿಯಲ್ಲಿ ಕಡ್ಡಿ ಮಾತ್ರ ಉಳಿಯಿತು. ಎರಡು ಮೂರು ಎಕರೆ ಇಲ್ಲದವರು ಅವರೆಯನ್ನು ಅಡುಗೆಮನೆಗೆ ಮೀಸಲಿಡುವುದು ಒಳ್ಳೆಯದು. ಅಲಸಂದೆ, ಸೆಣಬು, ಜೋಳ, ಸಜ್ಜೆಗಳನ್ನೂ ಇಲ್ಲಿ ಬೇಸಿಗೆಯ ಮಿಶ್ರಣದಲ್ಲಿ ಸೇರಿಸುತ್ತಾರೆ.

## ಬೇರೂರಿದ ಮೇಲೆ

ಸುಣ್ಣ, ಗೊಬ್ಬರ ಮೇಲೆ ಹಾಕಿದರೆ ಒಳಗೆ ಇಳಿಯುತ್ತದೆಯೇ?

ಸಾರಜನಕ ಮಳೆಯೊಂದಿಗೆ ಇಳಿಯುತ್ತದೆ. ಸುಣ್ಣ ಬಹಳ ನಿಧಾನ. ಮೇಲಿನ ಎರಡು ಮೂರು ಅಂಗುಲ ಬದಲಾಗಲು ಒಂದೆರಡು ವರ್ಷ ಬೇಕು. ಆದ್ದರಿಂದ ಉಳದ ತಾಕಿನಲ್ಲಿ ಶಿಫಾರಸಿನ ಅರ್ಧವನ್ನು ಈಗ, ಉಳಿದರ್ಧವನ್ನು ಎರಡು ವರ್ಷದ ನಂತರ ಹಾಕುವುದು ವಾಡಿಕೆ. ಮಣ್ಣು ಪರೀಕ್ಷೆಗೆ ಸ್ಯಾಂಪಲ್ ತೆಗೆಯುವಾಗ ಸಾಮಾನ್ಯ ಆರು ಅಂಗುಲದ ಜೊತೆಗೆ ಮೇಲಿನ ಮೂರು ಅಂಗುಲದ್ದನ್ನು ಬೇರೆಯಾಗಿ ಕಳಿಸಿ. ಆಮ್ಲತೆ ಮೇಲ್ಪದರದಲ್ಲೇ ಕೂಡಿಕೊಂಡಿರಬಹುದು. ಕ್ಲೋವರ್‌ಗೆ ರಸಸಾರ 6ರಿಂದ 7ರ ನಡುವೆ ಇದ್ದರೆ ಚೆನ್ನ.

ಹೊರಗಿನ ಒಣಹುಲ್ಲು ಅಥವಾ ಸಗಣಿಗೊಬ್ಬರ ತರುವವರು ಅದು ಎಲ್ಲಿ ಬೆಳೆದ ಹುಲ್ಲು ಎಂದು ಕೇಳಲೇಬೇಕು. ಹುಲ್ಲುಗಾವಲಿಗೆ ಸಿಂಪಡಿಸುವ ಅಮಿನೋಪೈರಲಿಡ್ ಎಂಬ ಕಳೆನಾಶಕ ದನದ ಹೊಟ್ಟೆಯನ್ನೂ ದಾಟಿ ಸಗಣಿಯಲ್ಲಿ ಉಳಿದು ಕ್ಲೋವರನ್ನು ಕೊಲ್ಲುತ್ತದೆ.

ಬೆಳೆ ಚೆನ್ನಾಗಿದೆ, ಆದರೆ ಅಕ್ಟೋಬರ್‌ನಲ್ಲಿ ಒಂದು ಜಿಂಕೆಯೂ ಬರಲಿಲ್ಲ. ಎಲ್ಲಿ ತಪ್ಪಿದೆ?

ತಪ್ಪಿಲ್ಲ, ಕಾಡಿನಲ್ಲಿ ಬಿಳಿ ಓಕ್ ಕಾಯಿ ಉದುರುತ್ತಿರಬೇಕು. ಆ ಕಾಯಿ ಬಿದ್ದ ವರ್ಷ ಜಿಂಕೆ ತಾಕಿನ ಕಡೆ ತಲೆಯೆತ್ತಿಯೂ ನೋಡುವುದಿಲ್ಲ; ಕಾಯಿ ಮುಗಿದ ಮೇಲೆ ಬರುತ್ತದೆ. ಜಿಂಕೆ ಬಂದಿದೆಯೋ ಇಲ್ಲವೋ ಎಂಬುದನ್ನೂ ಕಣ್ಣಂದಾಜಿನಿಂದ ಹೇಳಬೇಡಿ. ನಾಲ್ಕಡಿ ಅಗಲದ ತಂತಿಬಲೆಯ ಗೂಡೊಂದನ್ನು ಬಿತ್ತಿದ ದಿನವೇ ತಾಕಿನಲ್ಲಿ ನೆಟ್ಟುಬಿಡಿ. ನಮ್ಮಲ್ಲಿ ಒಂದು ಜನವರಿಯಲ್ಲಿ ಗೂಡಿನೊಳಗೆ ರೈ ಗೇಣುದ್ದ ನಿಂತಿತ್ತು, ಹೊರಗೆ ಬೆರಳಿನಷ್ಟೂ ಇರಲಿಲ್ಲ. ರೈ ಹುಟ್ಟಲೇ ಇಲ್ಲ ಎಂದುಕೊಂಡಿದ್ದ ನನಗೆ ಅದು ಪೂರ್ತಿ ಬೆಳೆದು ಪೂರ್ತಿ ಮೇಯಲ್ಪಟ್ಟಿದೆ ಎಂದು ತಿಳಿದದ್ದು ಆಗ.

ವಸಂತದಲ್ಲಿ ಯಾವಾಗ ಕತ್ತರಿಸಬಹುದು?

ಮೇ ನಡುವಿನಿಂದ ಜುಲೈ ನಡುವಿನವರೆಗೆ ಸಾಧ್ಯವಾದಷ್ಟೂ ಬೇಡ. ಮಿಸೌರಿಯಲ್ಲಿ ಜಿಂಕೆ ಮರಿ ಹಾಕುವುದು ಹೆಚ್ಚಾಗಿ ಮೇ ಕೊನೆ, ಜೂನ್ ಮೊದಲಲ್ಲಿ. ಟರ್ಕಿ ಕಾವು ಕೂರುವುದೂ ಆಗಲೇ. ಹುಟ್ಟಿ ಕೆಲವು ದಿನದ ಮರಿ ಅಪಾಯ ಕಂಡರೆ ಓಡುವುದಿಲ್ಲ, ನೆಲಕ್ಕೆ ಒತ್ತಿಕೊಂಡು ಅಲುಗದೆ ಮಲಗುತ್ತದೆ. ಒಂದು ಜೂನ್‌ನಲ್ಲಿ ರೈಯೊಳಗೆ ಯಂತ್ರ ಬಿಡುವ ಮುನ್ನ ನಡೆದು ನೋಡಿದಾಗ ಕಾಲಿನಿಂದ ಎರಡಡಿ ದೂರದಲ್ಲಿ ಮರಿಯೊಂದು ಕಿವಿ ಮಡಚಿ ಮಲಗಿತ್ತು. ಉಸಿರಾಟಕ್ಕೆ ಚುಕ್ಕೆಗಳು ಮಾತ್ರ ಏರಿಳಿಯುತ್ತಿದ್ದವು. ಅಂದು ಹಿಂದಿರುಗಿದವನು ಅಂದಿನಿಂದ ರೈಯನ್ನು ಒಣಗಿ ತಾನೇ ವಾಲುವವರೆಗೆ ಬಿಡುತ್ತೇನೆ, ಜುಲೈ ಕೊನೆಯಲ್ಲಿ ಮುಂದಿನ ಬಿತ್ತನೆಯ ಜೊತೆಗೇ ಕೆಡವುತ್ತೇನೆ. ಬಕ್‌ವೀಟ್ ಹಾಕಲೇಬೇಕಿದ್ದರೆ ಮೇ ಮೊದಲ ವಾರದೊಳಗೆ ಮುಗಿಸುತ್ತೇನೆ.

ಹೊದಿಕೆ ಹೆಚ್ಚಾದರೂ ತೊಂದರೆಯೇ?

ಹೌದು. ಬಲಿತ ರೈ ಹುಲ್ಲಿನಲ್ಲಿ ಸಾರಜನಕಕ್ಕಿಂತ ಇಂಗಾಲ ಬಹಳ ಹೆಚ್ಚು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಹಿಡಿದುಕೊಳ್ಳುವುದರಿಂದ ಮೇಲಿನ ಟರ್ನಿಪ್ ಹಳದಿಯಾಗುತ್ತದೆ. ರೈಯ ಜೊತೆ ಕ್ಲೋವರನ್ನೋ ವೆಚ್ ಎಂಬ ದ್ವಿದಳ ಬಳ್ಳಿಯನ್ನೋ ಬೆರೆಸುವುದು ಇದಕ್ಕೇ. ತಂಪು ವಸಂತದಲ್ಲಿ ಹೊದಿಕೆಯಡಿ ಚಿಪ್ಪಿಲ್ಲದ ಬಸವನಹುಳು ಮತ್ತು ಹುಲ್ಲಿಲಿ ಸೇರಿಕೊಂಡು ಮೊಳಕೆ ಕಡಿಯುವುದೂ ಉಂಟು.

ನನಗೆ ಹೆಚ್ಚು ಚಿಂತೆ ತಂದದ್ದು ಬಾಬ್‌ವೈಟ್ ಎಂಬ ಸ್ಥಳೀಯ ಲಾವಕ್ಕಿ. ಅದರ ಮರಿಗಳು ಹೆಬ್ಬೆರಳಿನ ಗಾತ್ರದವು. ಮೇಲೆ ಗಿಡದ ನೆರಳು, ಕೆಳಗೆ ಬರಿ ನೆಲ ಇದ್ದರೆ ಮಾತ್ರ ಓಡಾಡಿ ಹುಳು ಹಿಡಿಯಬಲ್ಲವು. ಜಿಂಕೆಗೆ ಒಳ್ಳೆಯದಾದ ದಪ್ಪ ಹಾಸು ಅವಕ್ಕೆ ಗೋಡೆ. ಹಾಗಾಗಿ ತಾಕಿನ ಸುತ್ತ ಮೂವತ್ತು ಅಡಿಯ ಅಂಚನ್ನು ಬಿತ್ತದೆ ಬಿಟ್ಟು, ಕಾಡು ಹೂಗಿಡಗಳಿಗೆ ಒಪ್ಪಿಸಿದ್ದೇನೆ. ಕೆಲವು ಬೇಸಿಗೆಗಳಲ್ಲಿ ಆ ಅಂಚು ತಾಕಿಗಿಂತ ಹೆಚ್ಚು ಜೀವಿಗಳನ್ನು ಸಾಕಿದೆ.

ಕಾಳು ಸುರಿದು ಇಡುವುದಕ್ಕೂ ಇದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆಯೇ?

ದೊಡ್ಡ ವ್ಯತ್ಯಾಸವಿದೆ. ಮಿಸೌರಿಯಲ್ಲಿ ಕಾಳು ಸುರಿದು ಆಮಿಷವೊಡ್ಡಿ ಜಿಂಕೆ ಬೇಟೆಯಾಡುವುದು ಅಪರಾಧ. ಬೆಳೆದು ನಿಂತ ಮೇವಿನ ತಾಕು ಅಪರಾಧವಲ್ಲ. ಜಿಂಕೆಗಳ ಮಿದುಳನ್ನು ತಿನ್ನುವ ಕ್ರಾನಿಕ್ ವೇಸ್ಟಿಂಗ್ ಕಾಯಿಲೆ 2012ರಲ್ಲಿ ರಾಜ್ಯದ ಕಾಡುಜಿಂಕೆಗಳಲ್ಲಿ ಪತ್ತೆಯಾದ ನಂತರ, ಆ ರೋಗದ ವಲಯದ ಕೌಂಟಿಗಳಲ್ಲಿ ಕಾಳು, ಉಪ್ಪಿನ ಗಡ್ಡೆ ಇಡುವುದನ್ನೇ ನಿರ್ಬಂಧಿಸಲಾಯಿತು. ಒಂದೇ ರಾಶಿಗೆ ಹತ್ತಾರು ಮೂತಿಗಳು ತಗುಲಿದರೆ ಜೊಲ್ಲಿನಿಂದ ರೋಗ ಹರಡುತ್ತದೆ, ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ವಿಕೃತ ಪ್ರೋಟೀನು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತಾಕು ದೊಡ್ಡದಾಗಿ, ಮೇವು ಎಲ್ಲೆಡೆ ಹರಡಿದಷ್ಟೂ ಆ ಅಪಾಯ ಕಡಿಮೆ. ಅಂಗೈ ಅಗಲದ ತಾಕುಗಳನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ವಲಸೆ ಹಕ್ಕಿಗಳಿಗೆ ಬೇರೆಯದೇ ಒಕ್ಕೂಟ ಕಾನೂನು ಇದೆ. ನಿಂತ ಕಾಳಿನ ಬೆಳೆಯನ್ನು ಕತ್ತರಿಸಿ ಕೆಡವಿದ ಜಾಗದಲ್ಲಿ ಬಾತುಕೋಳಿ ಬೇಟೆಯಾಡುವುದು ಆಮಿಷವೆನಿಸುತ್ತದೆ. ಬೀಜ ಚೆಲ್ಲಿ ಬೆಳೆ ಕತ್ತರಿಸುವುದೇ ನಮ್ಮ ವಿಧಾನವಾದ್ದರಿಂದ ಬೇಟೆಗೆ ಜಾಗ ಬಿಟ್ಟುಕೊಡುವವರು ಇದನ್ನು ಮೊದಲೇ ತಿಳಿದಿರಬೇಕು.

ವರ್ಷವರ್ಷ ಬಿತ್ತುವುದೇಕೆ? ಒಮ್ಮೆ ನೆಟ್ಟರೆ ತಾನೇ ಹಬ್ಬುವ ಗಿಡ ಇಲ್ಲವೇ?

ಇವೆ, ಅವುಗಳಿಂದಲೇ ಈ ನೆಲ ಪಾಡುಪಟ್ಟಿದೆ. ಏಷ್ಯಾದ ಮಲ್ಟಿಫ್ಲೋರಾ ಗುಲಾಬಿಯನ್ನು ಜೀವಂತ ಬೇಲಿಯೆಂದೂ ಹಕ್ಕಿಗಳಿಗೆ ಆಸರೆಯೆಂದೂ ಕಳೆದ ಶತಮಾನದಲ್ಲಿ ಸರ್ಕಾರಿ ಸಂಸ್ಥೆಗಳೇ ಹಂಚಿದವು. ಇಂದು ಅದು ಕಾನೂನಿನ ಪ್ರಕಾರ ಹಾನಿಕಾರಕ ಕಳೆ. ಆಟಮ್ ಆಲಿವ್, ಸೆರೀಸಿಯಾ ಲೆಸ್ಪೆಡೀಜಾಗಳನ್ನೂ ವನ್ಯಜೀವಿಗಳಿಗೆಂದೇ ನೆಟ್ಟಿದ್ದರು. ನಮ್ಮ ಜಮೀನಿನ ಸೆರೀಸಿಯಾವನ್ನು ಇಂದಿಗೂ ಕಿತ್ತು ಮುಗಿಸಿಲ್ಲ. ಬಹುವಾರ್ಷಿಕ ಬೇಕೆಂದರೆ ಬಿಳಿ ಕ್ಲೋವರ್ ಮೂರರಿಂದ ಐದು ವರ್ಷ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಕಾಲದ್ದು ಬೇಕೆಂದರೆ ಬಿಳಿ ಓಕ್ ನೆಡಿ.

ಕರ್ನಾಟಕದಲ್ಲಿ ಕಾಡಂಚಿನ ನಮ್ಮ ತೋಟದಲ್ಲಿ ಜಿಂಕೆ, ಕಡವೆಗಳಿಗೆ ಹೀಗೆ ಮೇವು ಬೆಳೆಯಬಹುದೇ?

ದಯವಿಟ್ಟು ಬೇಡ. ಬೇಟೆ ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ, ಆ ವಿಷಯ ಬದಿಗಿರಲಿ. ಹಸಿರು ಮೇವು ಕಾಡಂಚಿಗೆ ಬಂದರೆ ಕಡವೆಗಿಂತ ಮೊದಲು ಕಾಡುಹಂದಿಯೂ ಆನೆಯೂ ಬರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತದೆ. ನಿಮ್ಮ ತಾಕಿನಲ್ಲಿ ಮೇದ ಪ್ರಾಣಿ ಪಕ್ಕದವರ ರಾಗಿ ಹೊಲದಲ್ಲಿ ಮುಂದುವರಿಸುತ್ತದೆ, ಆ ಹೊಲದ ಬೇಲಿಯಲ್ಲಿ ಅದರ ಪ್ರಾಣ ಹೋಗಬಹುದು.

ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಂಥ ಕಾಡುಗಳಲ್ಲಿ ಮೇವಿನ ಕೊರತೆಗೆ ಮುಖ್ಯ ಕಾರಣಗಳಲ್ಲಿ ಒಂದು ಲಂಟಾನ; ಹುಲ್ಲು ಬೆಳೆಯಬೇಕಾದ ನೆಲವನ್ನು ಅದು ಆವರಿಸಿದೆ. ಅದನ್ನು ತೆಗೆಯುವಾಗ ನೆಲವನ್ನೆಲ್ಲ ಅಗೆದರೆ ಮಲಗಿದ್ದ ಲಂಟಾನ ಬೀಜಗಳೇ ಮತ್ತೆ ಏಳುತ್ತವೆ. ನೆಲವನ್ನು ಕದಡದೆ, ಕಾಂಡ ಬೇರಾಗಿ ಬದಲಾಗುವ ಸ್ಥಳದ ಕೆಳಗೆ ಕಡಿದು ಬುಡಸಮೇತ ಎತ್ತಿ, ಬೇರು ಮೇಲಾಗಿ ಒಣಹಾಕಿ, ಎರಡು ಮೂರು ವರ್ಷ ಹುಟ್ಟುವ ಸಸಿಗಳನ್ನು ಕೈಯಿಂದ ಕೀಳುತ್ತಾ ಹೋದರೆ ಸ್ಥಳೀಯ ಹುಲ್ಲು ತಾನಾಗಿ ಬರಲು ಅವಕಾಶವಾಗುತ್ತದೆ. ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಇದನ್ನು ಮಾಡುವಂತಿಲ್ಲ. ನಿಮ್ಮ ತೋಟದ ಬೇಲಿಯಲ್ಲಿರುವ ಲಂಟಾನಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಾದ ವಾರದಲ್ಲಿ ಹಿಡಿದರೆ ಅದು ಬುಡದಿಂದ ಸಲೀಸಾಗಿ ಬರುತ್ತದೆ.